ನಿಮ್ಮ ಜರ್ನಲ್‌ನಲ್ಲಿ ನಿಮ್ಮದೇ ರೀಡಿಂಗ್ ಇರಲಿ

"ಫಿಸಿಕ್ಸ್ ತಗೊಂಡು ಬಿಎಸ್ಸಿ ಮಾಡ್ತಾ ಇದ್ದೇನೆ" ಎಂದು ನಮ್ಮ ಕಡೆಯ ಮದುವೆ ಮನೆಯಲ್ಲಿ ಯಾರಾದರೂ ಹೇಳಿದರೆ, ಪಕ್ಕದ ಎಲೆಯಲ್ಲಿ ಕುಳಿತವರಿಂದ ಬರುವ ಪ್ರಶ್ನೆ ಒಂದೇ: "ಯಾಕೆ, ಇಂಜಿನಿಯರಿಂಗ್ ಸೀಟು ಸಿಗಲಿಲ್ಲವಾ?" ಇಸಳೂರಿನಿಂದ ಬೆಳಗಿನ ಬಸ್ಸು ಹತ್ತಿ ಶಿರಸಿಯ ಕಾಲೇಜಿಗೆ ಹೋಗುವ ನಿಮ್ಮಲ್ಲಿ ಹಲವರು ಈ ಪ್ರಶ್ನೆಗೆ ತಲೆ ತಗ್ಗಿಸಿ, ಸಾರು ಕಲಸುತ್ತ ಸುಮ್ಮನಾಗುವುದನ್ನು ನೋಡಿದ್ದೇನೆ. ಕೇಳಿದವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರಿಗೆ ಗೊತ್ತಿರುವುದು ಅಷ್ಟೇ. ನನ್ನ ಚಿಂತೆ ನಿಮ್ಮದು. ಆ ಪ್ರಶ್ನೆಯನ್ನು ನೀವೂ ನಂಬಿಬಿಟ್ಟಿದ್ದೀರಿ. ಸಿಗದೇ ಹೋದದ್ದರ ಬದಲಿಗೆ ಸಿಕ್ಕಿದ್ದು ಇದು ಎಂಬ ಭಾವನೆ ಒಮ್ಮೆ ಒಳಗೆ ಕುಳಿತರೆ, ಮೂರು ವರ್ಷ ಹೇಗೋ ದೂಡಿದರಾಯಿತು ಅನ್ನಿಸತೊಡಗುತ್ತದೆ. ಹಾಳಾಗುವುದು ಅಲ್ಲಿಂದಲೇ ಶುರು.

ನಾನು ಕರ್ನಾಟಕ ವಿಶ್ವವಿದ್ಯಾಲಯದ ಬಿಎಸ್ಸಿ ಓದಿದವನು, ಮುಂದೆ ಅದೇ ವಿಷಯವನ್ನು ಬಹುಕಾಲ ಪಾಠ ಮಾಡಿದವನು. ನಮ್ಮ ಕಾಲ ಚಂದವಿತ್ತು, ನಿಮ್ಮದು ಕೆಟ್ಟಿದೆ ಎಂದು ಹೇಳಲಾರೆ. ನಮ್ಮ ಜೊತೆ ಸೇರಿದವರಲ್ಲಿ ತೋಟದ ಕೆಲಸಕ್ಕೆ ಆಳಿಲ್ಲವೆಂದು ನಡುವೆಯೇ ಬಿಟ್ಟವರಿದ್ದರು. ಒಂದೇ ಪುಸ್ತಕವನ್ನು ನಾಲ್ಕು ಮಂದಿ ಸರದಿಯ ಮೇಲೆ ಓದುತ್ತಿದ್ದೆವು. ಪರೀಕ್ಷೆ ಹತ್ತಿರ ಬಂದಾಗ ಆ ಪುಸ್ತಕ ಯಾರ ಮನೆಯಲ್ಲಿದೆ ಎಂಬುದೇ ದೊಡ್ಡ ಚರ್ಚೆ. ಆದರೆ ಆ ಬಡತನದಿಂದ ಒಂದು ಲಾಭವಾಯಿತು. ಪುಸ್ತಕ ಕೈಬಿಡುವ ಮೊದಲು ಅದರ ಲೆಕ್ಕಗಳನ್ನು ಬಿಡಿಸಿ ಮುಗಿಸಬೇಕಿತ್ತು. ಪುಟದ ಫೋಟೊ ತೆಗೆದಿಟ್ಟುಕೊಂಡು 'ಆಮೇಲೆ ನೋಡೋಣ' ಎನ್ನುವ ಅನುಕೂಲ ನಮಗಿರಲಿಲ್ಲ.

ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಹೆಸರನ್ನು ನೀವು ಕೇಳಿರಬೇಕು. ಪವಾಡಗಳನ್ನು ಪ್ರಶ್ನಿಸಿದವರು ಎಂದಷ್ಟೇ ಈಗಿನವರಿಗೆ ಗೊತ್ತು. ಅವರು ಮೂಲತಃ ಫಿಸಿಕ್ಸ್ ಮೇಷ್ಟ್ರು. ಬಸ್ಸಿನ ದುಡ್ಡಿಲ್ಲದೆ 1935ರಲ್ಲಿ ಊರಿನಿಂದ ಬೆಂಗಳೂರಿಗೆ ನಡೆದೇ ಹೋದ ಹುಡುಗ. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಇದ್ದುಕೊಂಡು ಹೈಸ್ಕೂಲು ಮುಗಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಓದಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಹೊರಬಂದ ಮೇಲೆ ಬಿಟ್ಟಲ್ಲಿಂದ ಮತ್ತೆ ಹಿಡಿದು 1946ರಲ್ಲಿ ಎಂಎಸ್ಸಿ ಮುಗಿಸಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು ನಡುವಯಸ್ಸಿಗೆ ಹತ್ತಿರವಾದಾಗ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ, 1960ರಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಪಡೆದು, ತಿರುಗಿ ಅದೇ ಕಾಲೇಜಿಗೆ ಬಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರ ಆತ್ಮಕತೆ 'ಹೋರಾಟದ ಹಾದಿ' ನಮ್ಮ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಸೆಮಿಸ್ಟರ್ ರಜೆಯಲ್ಲಿ ಓದಿ.

ಇದನ್ನು ಹೇಳಿದ್ದು ನೀವೂ ಬರಿಗಾಲಲ್ಲಿ ನಡೆಯಿರಿ ಅಂತಲ್ಲ. ಬಸ್ಸು ಇದೆ, ಪಾಸು ಇದೆ, ಹತ್ತಿ. ಆದರೆ ಆ ಬಸ್ಸಿನ ವೇಳೆಯೇ ನಿಮ್ಮ ಓದಿನ ಯಜಮಾನ ಆಗದಿರಲಿ. ಮಧ್ಯಾಹ್ನದ ಪ್ರಾಕ್ಟಿಕಲ್ ಅರ್ಧಕ್ಕೆ ಬಿಟ್ಟು 'ಬಸ್ಸು ತಪ್ಪುತ್ತದೆ ಸಾರ್' ಎಂದು ಹೊರಡುವವರನ್ನು ವರ್ಷಗಟ್ಟಲೆ ನೋಡಿದ್ದೇನೆ. ನಿಜಕ್ಕೂ ಕಡೆಯ ಬಸ್ಸಾದರೆ ಹೊರಡಿ. ಮುಂದಿನ ಬಸ್ಸಿದ್ದರೆ ಕೂತು ಪ್ರಯೋಗ ಮುಗಿಸಿ.

ಪ್ರಾಕ್ಟಿಕಲ್ ಮಾತು ಬಂದಾಗ ನಿಂತು ಹೇಳಲೇಬೇಕಾದದ್ದಿದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ನಿಮ್ಮ ಜರ್ನಲ್. ಸೋಡಿಯಂ ದೀಪ ಹಚ್ಚಿ ನ್ಯೂಟನ್ ರಿಂಗ್ಸ್ ಪ್ರಯೋಗ ಮಾಡುತ್ತೀರಿ. ಮೈಕ್ರೋಸ್ಕೋಪಿನಲ್ಲಿ ಉಂಗುರಗಳು ಕಂಡವೋ ಇಲ್ಲವೋ, ತರಂಗಾಂತರ ಮಾತ್ರ ಎಲ್ಲರಿಗೂ 5893 ಆಂಗ್‌ಸ್ಟ್ರಾಂ. ಉತ್ತರ ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಬಂದು ವ್ಯಾಸಗಳನ್ನು ತುಂಬಿಸಿದ್ದು ಒಂದು ನೋಟಕ್ಕೇ ತಿಳಿಯುತ್ತದೆ. ಬಾರ್ ಪೆಂಡುಲಮ್ ತೂಗಿಸಿದರೆ ಇಡೀ ಬ್ಯಾಚಿಗೆ ಜಿ ಬೆಲೆ 981. ಹಿಂದಿನ ವರ್ಷದ ಜರ್ನಲ್ ಮುಂದಿನ ವರ್ಷದವರ ಕೈಗೆ, ಅವರದು ಅದರ ಮುಂದಿನವರ ಕೈಗೆ ಹೋಗುತ್ತಿರುತ್ತದೆ. ಹೀಗೆ ಒಂದೇ ರೀಡಿಂಗ್ ಎಷ್ಟು ತಲೆಮಾರು ಬಾಳಿದೆಯೋ!

ಆ 981ರ ಕತೆ ಕೇಳಿ. ಭೂಮಧ್ಯ ರೇಖೆಗೆ ಹತ್ತಿರವಾದಷ್ಟೂ ಗುರುತ್ವದ ಸೆಳೆತ ಸ್ವಲ್ಪ ಕಡಿಮೆ, ಎತ್ತರಕ್ಕೆ ಹೋದಷ್ಟೂ ಇನ್ನೂ ಕೊಂಚ ಕಡಿಮೆ. ಪುಸ್ತಕದ 981 ಯುರೋಪಿನಂಥ ಮೇಲಿನ ಅಕ್ಷಾಂಶದ ಬೆಲೆ. ಶಿರಸಿ ಇರುವುದು ಸುಮಾರು 14.6 ಡಿಗ್ರಿ ಉತ್ತರದಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಸೂತ್ರ ಹಾಕಿ ನೋಡಿದರೆ ಇಲ್ಲಿ ಅದು 978ರ ಆಸುಪಾಸು ಬರುತ್ತದೆ. ನಮ್ಮ ಲ್ಯಾಬಿನ ಪೆಂಡುಲಮ್ಮಿನಲ್ಲಿ ಶೇಕಡಾ ಒಂದರಷ್ಟು ಹೆಚ್ಚು ಕಡಿಮೆ ಆಗುವುದು ಸಹಜ. ಹಾಗಾಗಿ ಒಬ್ಬನಿಗೆ 971, ಒಬ್ಬಳಿಗೆ 986, ಇನ್ನೊಬ್ಬನಿಗೆ 979 ಬರಬೇಕು. ಮೂವತ್ತು ಮಕ್ಕಳಿಗೂ 981 ಬಂದರೆ ಆ ಪ್ರಯೋಗ ಶಿರಸಿಯಲ್ಲಿ ನಡೆದದ್ದಲ್ಲ, ಪುಸ್ತಕದ ಒಳಗೆ ನಡೆದದ್ದು.

971 ಬಂತೇ? ಹಾಗೆಯೇ ಬರೆಯಿರಿ. ಆಮೇಲೆ ಯಾಕೆ ಬಂತು ಎಂದು ಯೋಚಿಸಿ. ಸ್ಟಾಪ್‌ವಾಚ್ ಒತ್ತುವಲ್ಲಿ ತಡವಾಯಿತೇ, ಪೆಂಡುಲಮ್ಮನ್ನು ಅತಿಯಾಗಿ ಎಳೆದು ಬಿಟ್ಟಿರೇ? ಆ ಹುಡುಕಾಟದಲ್ಲಿ ಕಲಿಯುವ ಅರ್ಧ ಪುಟದ ಫಿಸಿಕ್ಸ್ ಇಡೀ ಜರ್ನಲ್ ನಕಲು ಮಾಡಿದರೂ ಬರುವುದಿಲ್ಲ. ಅಂಕ ಕಡಿಮೆ ಕೊಡುತ್ತಾರೆ ಎಂದು ಹೆದರಬೇಡಿ. ಕೊಟ್ಟರೂ ಕೊಡಲಿ. ತಪ್ಪಿನ ಕಾರಣ ವಿವರಿಸಿ ಬರೆದವನಿಗೆ ವೈವಾದಲ್ಲಿ ಅಂಕ ಕಡಿದ ಪರೀಕ್ಷಕರು ನನ್ನ ಅನುಭವದಲ್ಲಿ ಕಡಿಮೆ.

ಹೊಂದದ ರೀಡಿಂಗಿನಿಂದ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ. ಇಂಗ್ಲೆಂಡಿನ ಲಾರ್ಡ್ ರ‍್ಯಾಲೀ ಸಾರಜನಕದ ಸಾಂದ್ರತೆ ಅಳೆಯುತ್ತಿದ್ದರು. ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ 1.257 ಗ್ರಾಂ ತೂಗಿತು, ರಾಸಾಯನಿಕಗಳಿಂದ ತಯಾರಿಸಿದ್ದು 1.2505 ಗ್ರಾಂ. ವ್ಯತ್ಯಾಸ ಬರೀ ಶೇಕಡಾ ಅರ್ಧ. ನಾವಾದರೆ 'ಪ್ರಯೋಗದ ದೋಷ' ಎಂದು ಬರೆದು ಮನೆಗೆ ಹೋಗುತ್ತಿದ್ದೆವು. ಅವರು ಮತ್ತೆ ಮತ್ತೆ ಅಳೆದರು, 1892ರಲ್ಲಿ 'ನೇಚರ್' ಪತ್ರಿಕೆಗೆ ಪತ್ರ ಬರೆದು, ಇದಕ್ಕೆ ಕಾರಣ ಏನಿರಬಹುದು ಎಂದು ಎಲ್ಲರನ್ನೂ ಕೇಳಿದರು. 1894ರಲ್ಲಿ ರಸಾಯನ ವಿಜ್ಞಾನಿ ರ‍್ಯಾಮ್ಸೆ ಜೊತೆ ಸೇರಿ ಆರ್ಗಾನ್ ಎಂಬ ಹೊಸ ಅನಿಲವನ್ನೇ ಕಂಡುಹಿಡಿದರು. 1904ರಲ್ಲಿ ನೊಬೆಲ್ ಬಂತು. ರೀಡಿಂಗ್ ಹೊಂದಿಸಿಬಿಟ್ಟಿದ್ದರೆ ಆರ್ಗಾನ್ ಗಾಳಿಯಲ್ಲೇ ಇರುತ್ತಿತ್ತು, ಹೆಸರು ಬೇರೆಯವರದಾಗುತ್ತಿತ್ತು.

ಈಗ ಲೆಕ್ಕಗಳ ವಿಷಯ. ಮೊಬೈಲಿನಲ್ಲಿ ಲೆಕ್ಕದ ಫೋಟೊ ಹಾಕಿದರೆ ಸಾಕು, ಹಂತ ಹಂತವಾಗಿ ಉತ್ತರ ಬಂದು ಬೀಳುತ್ತದೆ. ಯೂಟ್ಯೂಬಿನಲ್ಲಿ ಐಐಟಿ ಮೇಷ್ಟ್ರ ಪಾಠ ಉಚಿತ, ಫೈನ್‌ಮನ್ ಕಲಿಸಿದ ಪಾಠಗಳೂ ಅಂತರ್ಜಾಲದಲ್ಲಿ ಪೂರ್ತಿ ಓದಲು ಸಿಗುತ್ತವೆ. ನಮಗೆ ಇದರಲ್ಲಿ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಇದನ್ನೆಲ್ಲ ಬಳಸಿ, ಬೇಡ ಎನ್ನುವುದಿಲ್ಲ. ಆದರೆ ಕೆಳಗೆ ನಿಂತು ನೋಡಿ ನೋಡಿ ಯಾರೂ ಅಡಿಕೆ ಕೀಳುವ ಕೊನೆಗೌಡ ಆಗಲಿಲ್ಲ, ಮರ ಹತ್ತಲೇಬೇಕು. ಪಾಠ ನೋಡುವಾಗ ಎಲ್ಲ ತಿಳಿದಂತೆ ಅನ್ನಿಸುತ್ತದೆ. ಮೊಬೈಲು ಮುಚ್ಚಿ ಖಾಲಿ ಹಾಳೆಯ ಮುಂದೆ ಕೂತಾಗಲೇ ಗೊತ್ತಾಗುವುದು ಮೊದಲ ಸಾಲೂ ಬರುವುದಿಲ್ಲ ಎಂದು. ಆ ಖಾಲಿ ಹಾಳೆಯ ಮುಂದೆ ಕನಿಷ್ಠ ಅರ್ಧ ಗಂಟೆ ಕೂತು ಒದ್ದಾಡಿ. ಚಿತ್ರ ಬರೆಯಿರಿ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಬರೆಯಿರಿ. ತಪ್ಪೋ ಸರಿಯೋ ಒಂದು ಉತ್ತರಕ್ಕೆ ಬಂದ ಮೇಲೆ ಬೇಕಾದರೆ ಯಂತ್ರವನ್ನು ಕೇಳಿ.

ಲೆಕ್ಕ ಪುಸ್ತಕದಲ್ಲಿ ಮಾತ್ರ ಇರುತ್ತದೆ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಗೆಳೆಯರೆಲ್ಲ ಸೇರಿ ಸಿದ್ದಾಪುರದ ಮೇಲೆ ಜೋಗಕ್ಕೆ ಹೋಗುತ್ತೀರಿ, ಸೆಲ್ಫಿ ತೆಗೆಯುತ್ತೀರಿ. ಜೋಗದ ನೀರು 253 ಮೀಟರ್ ಕೆಳಗೆ ಬೀಳುತ್ತದೆ. ಆ ಬೀಳುವ ಶಕ್ತಿಯೆಲ್ಲ ಶಾಖವಾದರೆ ಕೆಳಗಿನ ನೀರು ಮೇಲಿನದಕ್ಕಿಂತ ಎಷ್ಟು ಬಿಸಿ ಇರಬೇಕು? ಒಂದು ಕಿಲೋ ನೀರಿಗೆ ಸುಮಾರು 2,470 ಜೂಲ್, ನೀರಿನ ವಿಶಿಷ್ಟೋಷ್ಣ 4,186. ಭಾಗಿಸಿದರೆ ಹೆಚ್ಚು ಕಡಿಮೆ 0.6 ಡಿಗ್ರಿ ಸೆಲ್ಸಿಯಸ್. ಅಷ್ಟು ದೊಡ್ಡ ಭೋರ್ಗರೆತಕ್ಕೆ ಇಷ್ಟೇನಾ ಎಂದು ಮೊದಲ ಬಾರಿ ಲೆಕ್ಕ ಹಾಕಿದವರು ಬೆರಗಾಗುತ್ತಾರೆ. ಜೂಲ್ 1847ರಲ್ಲಿ ಹೊಸ ಹೆಂಡತಿಯೊಂದಿಗೆ ಆಲ್ಪ್ಸ್ ಪ್ರವಾಸಕ್ಕೆ ಹೋದಾಗಲೂ ಕೈಯಲ್ಲಿ ಥರ್ಮಾಮೀಟರ್ ಹಿಡಿದು ಜಲಪಾತ ಅಳೆಯಲು ಹೊರಟಿದ್ದರು ಎಂದು ಅವರ ಸ್ನೇಹಿತ ಕೆಲ್ವಿನ್ ನೆನಪು ಮಾಡಿಕೊಂಡಿದ್ದಾರೆ. (ಹೆಂಡತಿ ಏನಂದರು ಎಂಬುದು ಆ ನೆನಪಿನಲ್ಲಿಲ್ಲ!) ಆದರೆ ಜೋಗದಲ್ಲಿ ನಿಜವಾಗಿ ಅಳೆದರೆ 0.6 ಸಿಗುವುದು ಕಷ್ಟ. ತುಂತುರು ಆವಿಯಾಗುವಾಗ ನೀರು ತಣ್ಣಗಾಗುತ್ತದೆ, ಗಾಳಿಗೂ ಶಾಖ ಹಂಚಿಹೋಗುತ್ತದೆ. ಇದೆಷ್ಟು, ಅದೆಷ್ಟು ಎಂದು ಅಂದಾಜು ಮಾಡಲು ಕೂತರೆ ಥರ್ಮೋಡೈನಮಿಕ್ಸ್‌ನ ಅರ್ಧ ಪಾಠ ಮುಗಿಯುತ್ತದೆ.

ಅಷ್ಟು ದೂರವೂ ಬೇಡ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯುವಾಗ ಪಂಪು ನೆಲದ ಮೇಲೆ, ಕೊನೆ 15 ಮೀಟರ್ ಮೇಲೆ. ನೀರನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಒಂದೂವರೆ ವಾತಾವರಣದ ಒತ್ತಡ ಬೇಕು. ಪೈಪಿನ ಘರ್ಷಣೆ, ನಾಜಲ್ಲಿನಲ್ಲಿ ಸಿಡಿಯುವ ವೇಗ ಸೇರಿದರೆ ಇನ್ನೂ ಎಷ್ಟು? ನಿಮ್ಮ ಅಪ್ಪ ಅನುಭವದಿಂದ ಗೇಜು ನೋಡಿ ಹೇಳುತ್ತಾರೆ. ನೀವು ಕಾಗದದ ಮೇಲೆ ಹೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಫಿಸಿಕ್ಸ್‌ನಲ್ಲಿ ಸೋಲುವ ಮಕ್ಕಳು ಹೆಚ್ಚಾಗಿ ಗಣಿತದಲ್ಲಿ ಸೋತವರು. ಮೊದಲ ಸೆಮಿಸ್ಟರಿನಲ್ಲಿ ವೆಕ್ಟರು, ಡಿಫರೆನ್ಷಿಯಲ್ ಈಕ್ವೇಷನ್ ಬಂದಾಗ 'ಇದು ಮ್ಯಾಥ್ಸ್ ಮೇಷ್ಟ್ರ ತಲೆಬಿಸಿ' ಎಂದು ಬಿಟ್ಟವರು ಕಡೆಯ ವರ್ಷ ಶ್ರೋಡಿಂಗರ್ ಸಮೀಕರಣದ ಮುಂದೆ ಕಣ್ಣು ಕಣ್ಣು ಬಿಡುತ್ತಾರೆ. ಆಗ ಉಳಿಯುವ ದಾರಿ ಒಂದೇ, 'ಇಂಪಾರ್ಟೆಂಟ್ ಪ್ರಶ್ನೆ' ಬಾಯಿಪಾಠ. ಅದರಿಂದ ಪಾಸಾಗಬಹುದು, ಎಪ್ಪತ್ತು ಅಂಕವೂ ಬರಬಹುದು. ಆದರೆ ಮುಂದಿನ ಬಾಗಿಲಲ್ಲಿ ಯಾರೂ ಬಾಯಿಪಾಠ ಕೇಳುವುದಿಲ್ಲ. ಈಗ ಮೊದಲ ವರ್ಷದಲ್ಲಿರುವವರು ಈ ವಾರವೇ ಶುರು ಮಾಡಿ. ಮೂರನೇ ವರ್ಷದವರೂ ತಡವಾಯಿತೆಂದು ಕೈಚೆಲ್ಲಬೇಡಿ. ಬೇಸಿಗೆ ರಜೆಯಲ್ಲಿ ಕ್ಯಾಲ್ಕುಲಸ್ ಮತ್ತೊಮ್ಮೆ ಮೊದಲಿಂದ ಮಾಡಿಕೊಂಡು ಮೇಲೆದ್ದವರಿದ್ದಾರೆ.

ಪಠ್ಯಕ್ರಮದ ಗೊಂದಲದ ಬಗ್ಗೆ ನಿಮಗಿರುವ ಬೇಸರ ನನಗೆ ಗೊತ್ತು. 2021-22ರಲ್ಲಿ ನಾಲ್ಕು ವರ್ಷದ ಪದವಿ ಎಂದರು, 2024-25ರಿಂದ ಮತ್ತೆ ಮೂರು ವರ್ಷ ಎಂದರು. ಅದರ ಬಗ್ಗೆ ದೂರುವುದಕ್ಕೆ ನಿಮಗೆ ಹಕ್ಕಿದೆ. ಓದದೇ ಇರುವುದಕ್ಕೆ ಅದನ್ನೇ ನೆಪ ಮಾಡಿಕೊಳ್ಳಬೇಡಿ, ಅಷ್ಟೇ.

ಹಳ್ಳಿಯ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪುಸ್ತಕದ ಭಯ. ಅದೂ ತಿಳಿದದ್ದೇ. ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ' ಸಂಪುಟಗಳನ್ನು ಕನ್ನಡದಲ್ಲಿ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಓದಿ ಬೆಳೆದ ಒಂದು ತಲೆಮಾರೇ ಇದೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ. ಎಂಟ್ರಪಿ ಅಂದರೇನು ಎಂದು ಮನೆಯಲ್ಲಿ ಆಯಿಗೋ ತಮ್ಮನಿಗೋ ಹೇಳಿ ನೋಡಿ. ಹೇಳಲು ಬಾರದಿದ್ದರೆ ನಿಮಗೂ ತಿಳಿದಿಲ್ಲ. ತಿಳಿದ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ಮಾತು. ಫಿಸಿಕ್ಸ್ ಪುಸ್ತಕದ ಇಂಗ್ಲಿಷು ಕಾದಂಬರಿಯ ಇಂಗ್ಲಿಷಿನಷ್ಟು ಕಠಿಣವಲ್ಲ, ಅವವೇ ಪದಗಳು ತಿರುಗಿ ಬರುತ್ತವೆ.

ಬರೀ ಬಿಎಸ್ಸಿಯಿಂದ ಏನಾಗುತ್ತದೆ ಎನ್ನುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅನ್ನಾ ಮಣಿಯವರ ಬಗ್ಗೆ ಹೇಳಬೇಕು. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. ಮದರಾಸಿನಲ್ಲಿ ಬಿಎಸ್ಸಿ ಆನರ್ಸ್ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಬಳಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು. ಎಂಎಸ್ಸಿ ಇಲ್ಲ ಎಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅವರು ಅಳುತ್ತ ಕೂರಲಿಲ್ಲ. ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು, ಓಝೋನ್ ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲೇ ತಯಾರಿಸುವಂತೆ ಮಾಡಿ, ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ತಂಗೀ, ಕಡೆಯ ವರ್ಷದಲ್ಲಿ ಮನೆಗೆ ಜಾತಕ ಬಂದಾಗ 'ಎಂಎಸ್ಸಿ ಮುಗಿಯಲಿ' ಎಂದು ಬಾಯಿಬಿಟ್ಟು ಹೇಳು. ನಮ್ಮ ಕಡೆಯ ಅಪ್ಪಂದಿರು ಕೇಳದವರೇನಲ್ಲ, ಮಗಳು ಹೇಳದೇ ಇದ್ದರೆ ಬೇಡವೆಂದೇ ತಿಳಿಯುತ್ತಾರೆ.

ಉಡುಪಿಯ ಅದಮಾರಿನ ಯು.ಆರ್. ರಾವ್ ಅನಂತಪುರದಲ್ಲಿ ಬಿಎಸ್ಸಿ, ಬನಾರಸಿನಲ್ಲಿ ಎಂಎಸ್ಸಿ ಓದಿದವರು. ಅವರ ತಂಡ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಮೇಲೇರಿತು. ಅವರು ಇಂಜಿನಿಯರಿಂಗ್ ಓದಿರಲಿಲ್ಲ ಎಂಬುದನ್ನು ಮದುವೆ ಮನೆಯ ಪಕ್ಕದ ಎಲೆಯವರಿಗೆ ಬೇಕಾದರೆ ಹೇಳಿ.

ಇನ್ನೂ ಹತ್ತಿರದ್ದು ಬೇಕೆಂದರೆ ಯಲ್ಲಾಪುರದ ಕಡೆಯಿಂದ ಘಟ್ಟ ಇಳಿದರೆ ಕಾಳಿ ದಂಡೆಯ ಕೈಗಾ ಇದೆ. 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ಅವುಗಳಲ್ಲಿ ಮೊದಲನೆಯದು 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ಓಡಿ ಜಾಗತಿಕ ದಾಖಲೆ ಮಾಡಿತು. ಫಿಸಿಕ್ಸ್ ಬಿಎಸ್ಸಿ ಮಾಡಿದವರನ್ನೂ ಅಣುವಿದ್ಯುತ್ ನಿಗಮ ತರಬೇತಿಗೆ ತೆಗೆದುಕೊಳ್ಳುತ್ತದೆ, ಶೇಕಡಾ ಅರವತ್ತು ಅಂಕ ಕೇಳುತ್ತದೆ. ಕೈಗಾ ಬೇಡ ಎಂದು ನಮ್ಮ ಜಿಲ್ಲೆಯಲ್ಲಿ ದೊಡ್ಡ ಚಳವಳಿಯೇ ನಡೆದಿತ್ತು. ಮೇಲೆ ಹೇಳಿದ ಅದೇ ಕಾರಂತರು 1989ರಲ್ಲಿ ಪರಿಸರದ ಪ್ರಶ್ನೆ ಹಿಡಿದು ಲೋಕಸಭೆಗೆ ಸ್ಪರ್ಧಿಸಿ ಸೋತರು. ನೀವು ಆ ಸ್ಥಾವರದ ಒಳಗೆ ಕೆಲಸಕ್ಕೆ ಹೋಗುತ್ತೀರೋ, ಹೊರಗೆ ನಿಂತು ಪ್ರಶ್ನಿಸುತ್ತೀರೋ, ನಿಮ್ಮ ಇಷ್ಟ. ಭಾರಜಲ ಯಾಕೆ ಬೇಕು, ವಿಕಿರಣವನ್ನು ಹೇಗೆ ಅಳೆಯುತ್ತಾರೆ ಎಂದು ತಿಳಿಯದೆ ಎರಡರಲ್ಲಿ ಯಾವುದನ್ನು ಮಾಡಿದರೂ ಊರಿಗೆ ಪ್ರಯೋಜನವಿಲ್ಲ.

ಮುಂದೆ ಓದುವ ಮನಸ್ಸಿದ್ದರೆ ಧಾರವಾಡವಿದೆ. ಐಐಟಿ ಎಂಎಸ್ಸಿಗೂ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ 'ಜ್ಯಾಮ್' ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುತ್ತದೆ, ಅರ್ಜಿ ಹಾಕುವುದು ಹಿಂದಿನ ಸೆಪ್ಟೆಂಬರಿನ ಸುಮಾರಿಗೇ. ನಮ್ಮ ಮಕ್ಕಳು ಬುದ್ಧಿಯಲ್ಲಿ ಹಿಂದೆ ಬೀಳುವುದಕ್ಕಿಂತ ಹೆಚ್ಚಾಗಿ ತಾರೀಕು ಗೊತ್ತಿಲ್ಲದೆ ಹಿಂದೆ ಬೀಳುತ್ತಾರೆ. ಅಕಾಡೆಮಿಗಳು ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಎರಡನೇ ವರ್ಷದಲ್ಲೇ ಅರ್ಜಿ ಹಾಕಿ. ಸಿಕ್ಕರೆ ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಕೂರಬಹುದು. ಸಿಗದಿದ್ದರೆ ಅರ್ಜಿ ಬರೆದ ಅಭ್ಯಾಸವಾದರೂ ಉಳಿಯುತ್ತದೆ. ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಹೋಗುವವರು ಹೋಗಿ, ಮನೆಯ ಅಗತ್ಯ ನಿಮಗೇ ಗೊತ್ತು. ಆದರೆ ಕ್ಲಾಸಿನಲ್ಲಿ ಕೂತು ಮೇಜಿನ ಕೆಳಗೆ ಸಾಮಾನ್ಯ ಜ್ಞಾನದ ಪುಸ್ತಕ ತೆರೆದಿಟ್ಟುಕೊಳ್ಳಬೇಡಿ. ಎರಡೂ ಅರ್ಧಂಬರ್ಧವಾಗುತ್ತವೆ.

ಲೆಕ್ಕ ಸಿಕ್ಕಿಹಾಕಿಕೊಂಡರೆ ಭಾನುವಾರ ಮನೆ ಕಡೆ ಬನ್ನಿ, ನಾನು ಜಗಲಿಯ ಮೇಲೆ ಸಿಗುತ್ತೇನೆ. ಬರುವಾಗ ನೀವು ಒದ್ದಾಡಿದ ಹಾಳೆ ತನ್ನಿ, ಕಾಟು ಹೊಡೆದದ್ದೂ ಇರಲಿ. ಎಲ್ಲಿ ದಾರಿ ತಪ್ಪಿದಿರಿ ಎಂದು ಅದರಲ್ಲೇ ಹುಡುಕೋಣ. ಬರಿಗೈಯಲ್ಲಿ ಬಂದವರಿಗೆ ಕಷಾಯ ಸಿಗುತ್ತದೆ, ಉತ್ತರ ಸಿಗುವುದಿಲ್ಲ.